ಹೆಬ್ಬೆಟ್ಟಿನ ಬಲಗಾಲು

ನನ್ನ ತಮ್ಮನ ಬಲಗಾಲಿಗೆ ಇದ್ದಷ್ಟು ಮರ್ಯಾದೆ ನಮ್ಮ ಮನೆಯಲ್ಲಿ ಅಪ್ಪನಿಗೂ ಇರಲಿಲ್ಲ. ಅಪ್ಪ ಕೂರುವ ಕುರ್ಚಿ ವರ್ಷಗಟ್ಟಲೆ ಕುಂಟುತ್ತಿತ್ತು, ಕೇಳಿದವರಿಲ್ಲ. ತಮ್ಮ ಬಲಗಾಲು ಚಾಚಿಕೊಳ್ಳುವುದಕ್ಕೆ ಮಾತ್ರ ಬೇರೆ ಸ್ಟೂಲು, ಸ್ಟೂಲಿನ ಮೇಲೆ ನಾನು ಬಟ್ಟೆಚೂರು ತುಂಬಿ ಹೊಲಿದ ದಿಂಬು. ಮನೆಗೆ ಬಂದವರು ಮೊದಲು ಆ ಕಾಲನ್ನು ನೋಡುತ್ತಿದ್ದರು, ಆಮೇಲೆ ಅವನ ಮುಖವನ್ನು. "ಹೇಗಿದೆ?" ಎಂದು ಕೇಳುತ್ತಿದ್ದರೇ ಹೊರತು "ಹೇಗಿದೀಯಾ?" ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅವನಿಗೂ ಅದೇ ಅಭ್ಯಾಸವಾಗಿತ್ತು.

ಅವನು ತೀರಿಕೊಂಡಾಗ ಪತ್ರಿಕೆಯೊಂದು ಒಳಪುಟದಲ್ಲಿ, ಹಳೆಯ ಫುಟ್‌ಬಾಲ್ ಆಟಗಾರನೆಂದು, ನಾಲ್ಕು ಸಾಲು ಹಾಕಿತು. ದೇವರು ಕೊಟ್ಟ ಕಾಲು ಎಂದು ಬರೆದಿದ್ದರು. ಓದಿ ನನಗೆ ಮೈಯೆಲ್ಲ ಉರಿಯಿತು. ದೇವರು ಕೊಟ್ಟದ್ದು ಎಲ್ಲರಿಗೂ ಕೊಟ್ಟಂಥ ಐದು ಬೆರಳಿನ ಕಾಲು. ಮಿಕ್ಕದ್ದನ್ನು ಅವನೇ ಮಾಡಿಕೊಂಡ. ಹೇಗೆ ಮಾಡಿಕೊಂಡ, ಆ ಕಾಲು ಕೊನೆಗೆ ಹೇಗೆ ಹೋಯಿತು ಎಂಬ ಎರಡನ್ನೂ ಕಣ್ಣಾರೆ ನೋಡಿದವಳು ನಾನು. ನಾನು ದರ್ಜಿ, ಬರೆಯುವವಳಲ್ಲ. ಆದರೆ ಸುಳ್ಳು ಅಳತೆ ಇಟ್ಟುಕೊಂಡು ಬಟ್ಟೆ ಕತ್ತರಿಸಿದರೆ ನನಗೆ ತಡೆಯಲಾಗದು.

ಅಪ್ಪ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ಓಡಿಸುತ್ತಿದ್ದರು. ದಿನವಿಡೀ ಮೇಲೆ ಹೋಗಿ ಹೋಗಿ ಸಂಜೆ ಅದೇ ನೆಲದ ಮನೆಗೆ ಬರುತ್ತೇನೆ ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು. ಅಮ್ಮ ಬೇಗ ಹೋದಳು. ತಮ್ಮನಿಗೆ ಆಗ ಶೂ ಲೇಸು ಕಟ್ಟಲು ಬರುತ್ತಿರಲಿಲ್ಲ. ಅಂದಿನಿಂದ ಅವನಿಗೆ ತಿನ್ನಿಸಿದ್ದು, ಬೈದದ್ದು, ಸ್ನಾನ ಮಾಡಿಸಿದ್ದು ಎಲ್ಲ ನಾನೇ. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಇತ್ತು. ಅದನ್ನೂ ನಾನೇ ಹಿಡಿದೆ. ಆ ಕೋಣೆಯೇ ನನ್ನ ಅಂಗಡಿಯಾಯಿತು: ಗೋಡೆಗೆ ಆನಿಸಿದ ಉದ್ದನೆಯ ಮೇಜು, ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಪ್ಯಾಂಟುಗಳು, ಬಾಗಿಲ ಹಿಂದೆ ಮಸುಕು ಹಿಡಿದ ಕನ್ನಡಿ.

ನಮ್ಮ ಬೀದಿಯ ಹಿಂದೆ ತರಕಾರಿ ಇಡುವ ಶೀತಗೃಹವಿತ್ತು. ಅದರ ಅಂಗಳದಲ್ಲಿ ಲಾರಿಗಳು ಒತ್ತೊತ್ತಾಗಿ ನಿಲ್ಲುತ್ತಿದ್ದವು. ಲಾರಿ ಲಾರಿಗಳ ನಡುವಿನ ಸಂದಿಯೇ ಇವನ ಮೈದಾನ. ಅಲ್ಲಿ ಚೆಂಡನ್ನು ಒದೆಯಲು ಕಾಲು ಹಿಂದಕ್ಕೆತ್ತಿದರೆ ಹಿಮ್ಮಡಿ ಲಾರಿಯ ಚಕ್ರಕ್ಕೆ ಬಡಿಯುತ್ತಿತ್ತು. ಆದ್ದರಿಂದ ಅವನು ಕಾಲನ್ನು ಹಿಂದೆಳೆಯದೆಯೇ, ನಿಂತ ಹೆಜ್ಜೆಯಲ್ಲೇ, ಹೆಬ್ಬೆರಳ ತುದಿಯಿಂದ ಚೆಂಡನ್ನು ಚುಚ್ಚಿ ಕಳಿಸುವುದನ್ನು ಕಲಿತ. ಕಲಿತ ಎನ್ನುವುದಕ್ಕಿಂತ ಅವನಿಗೆ ಬೇರೆ ಥರ ಒದೆಯಲು ಬರಲೇ ಇಲ್ಲ. ಮೊದಲ ಕೋಚ್ ಇದನ್ನು ಕಂಡು ಮೂಗು ಮುರಿದರಂತೆ. "ಇದು ಕಲ್ಲು ಒದೆಯೋರ ಆಟ. ಫುಟ್‌ಬಾಲ್ ಅಲ್ಲ" ಎಂದರಂತೆ. ಆದರೆ ಕಾಲು ಹಿಂದೆ ಹೋದರೆ ತಾನೇ ಗೋಲ್‌ಕೀಪರನಿಗೆ ಚೆಂಡು ಯಾವಾಗ ಬರುತ್ತದೆ ಎಂದು ತಿಳಿಯುವುದು? ಇವನ ಕಾಲು ಹಿಂದೆ ಹೋಗುತ್ತಲೇ ಇರಲಿಲ್ಲ. ಡಿಫೆಂಡರುಗಳು ಸುತ್ತ ಗೋಡೆ ಕಟ್ಟಿದ್ದರೂ ಸಂದಿಯಲ್ಲಿ ಚೆಂಡು ತೂರಿ ಬಲೆಗೆ ಬಿದ್ದಿರುತ್ತಿತ್ತು; ಕೀಪರ್ ಪಾಪ ಇನ್ನೂ ನಿಂತೇ ಇರುತ್ತಿದ್ದ.

ಹೀಗೆ ಅವನಿಗೆ ಹೆಬ್ಬೆಟ್ಟು ಎಂದು ಹೆಸರು ಬಿತ್ತು. ಕ್ಲಬ್ಬಿಗೆ ಸೇರಿದ ಮೇಲೆ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ "ಹೆಬ್ಬೆಟ್ಟು! ಹೆಬ್ಬೆಟ್ಟು!" ಎಂದು ಕೂಗುತ್ತಿತ್ತು. ಅಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. "ಶಾಲೆ ಪೂರ್ತಿ ಓದಿಸಿದೀನಿ ಅವನನ್ನ. ಸಹಿ ಹಾಕೋಕೆ ಬರದವನನ್ನ ಕರೆಯೋ ಹಾಗೆ ಕರೀತಾರಲ್ಲ" ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ಆದರೆ ಲಿಫ್ಟಿನೊಳಗೆ ಬಂದ ಗಿರಾಕಿಗಳಿಗೆ ಮಗನ ಗೋಲಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತ, ಕಥೆ ಮುಗಿಯುವವರೆಗೆ ಬಾಗಿಲು ತೆಗೆಯುತ್ತಿರಲಿಲ್ಲವೆಂದು ಮ್ಯಾನೇಜರು ಒಮ್ಮೆ ದೂರು ಕೊಟ್ಟದ್ದೂ ಉಂಟು.

ಇನ್ನು ಬೂಟಿನ ಮಾತು. ತುದಿಬೆರಳಿನಿಂದ ಆಡುವವನಿಗೆ ಬೆರಳಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟೂ ಜಾಗ ಇರಬಾರದು. ಅದಕ್ಕೇ ಅವನು ತನ್ನ ಅಳತೆಗಿಂತ ಒಂದು ನಂಬರ್ ಚಿಕ್ಕ ಬೂಟು ತರುತ್ತಿದ್ದ. ಆಟಗಾರರು ಹಲವರು ಹೀಗೆ ಮಾಡುತ್ತಾರಂತೆ. ಇವನು ಎಡಗಾಲಿಗೆ ಸರಿಯಾದ ಅಳತೆ, ಬಲಗಾಲಿಗೆ ಚಿಕ್ಕದು ಬೇಕೆಂದು ಒಂದೇ ಥರದ ಎರಡು ಜೊತೆ ತಂದು ಅರ್ಧರ್ಧ ಬಿಸಾಡುತ್ತಿದ್ದ. ಹೊಸ ಬೂಟು ತಂದ ದಿನ ಬಚ್ಚಲಲ್ಲಿ ಬಿಸಿನೀರಿನ ಬಕೆಟ್ಟಿಗೆ ಬೂಟು ಸಮೇತ ಕಾಲಿಟ್ಟು ಕೂರುತ್ತಿದ್ದ. ಚರ್ಮ ನೆನೆದ ಮೇಲೆ ಎದ್ದು ಅದು ಕಾಲಿನ ಮೇಲೆಯೇ ಒಣಗುವವರೆಗೆ ಮನೆಯ ತುಂಬ ಓಡಾಡುತ್ತಿದ್ದ. ನಾನು ಒರೆಸಿದ ನೆಲದ ಮೇಲೆ ಒದ್ದೆ ಹೆಜ್ಜೆ.

"ಅಳತೆ ತೆಗೆಯೋಳು ನಾನು. ನಿನ್ನ ಕಾಲು ಅದರೊಳಗೆ ಹಿಡಿಯಲ್ಲ ಕಣೋ" ಎನ್ನುತ್ತಿದ್ದೆ.

"ಹಿಡಿಸ್ತೀನಿ ನೋಡ್ತಿರು."

"ಬೆರಳು ಸಾಯುತ್ತೆ."

"ಸಾಯೋಕೆ ಅದಕ್ಕೆಲ್ಲಿ ಪುರುಸೊತ್ತು ಅಕ್ಕ? ಶನಿವಾರ ಮ್ಯಾಚಿದೆ."

ಹಲ್ಲು ಕಿರಿಯುತ್ತಿದ್ದ. ನನ್ನ ಗಂಡ ನೀರಿನ ಟ್ಯಾಂಕರ್ ಓಡಿಸುವವರು, ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ಇದ್ದರು. ಭಾವ ಭಾಮೈದ ಸೇರಿದರೆಂದರೆ ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಬಕೆಟ್ಟಿಗೆ ಬಿಸಿನೀರು ತಂದು ಸುರಿಯುತ್ತಿದ್ದವರೇ ಅವರು.

ಅವನ ಒಳ್ಳೆಯ ವರ್ಷಗಳು ಒಂದಷ್ಟು ಇದ್ದವು. ಆ ವರ್ಷಗಳಲ್ಲಿ ಎಡಗಡೆಯಿಂದ ಚೆಂಡು ತಂದುಕೊಡುತ್ತಿದ್ದ ಒಬ್ಬ ಜೊತೆಗಾರನಿದ್ದ, ಕಡ್ಡಿಯಂಥ ಹುಡುಗ. ಅವನನ್ನು ನಾವೆಲ್ಲ ಎಡಗಡೆಯವನು ಎಂದೇ ಕರೆಯುತ್ತಿದ್ದೆವು. ಫೈನಲ್ ಪಂದ್ಯದಲ್ಲಿ ಅವನು ಮೂಲೆಯಿಂದ ನೆಲಕ್ಕಂಟಿದ ಹಾಗೆ ಚೆಂಡು ಕೊಟ್ಟ. ಇವನ ಬೆನ್ನಿಗೆ ಒಬ್ಬ ಡಿಫೆಂಡರ್ ಜೋತುಬಿದ್ದಿದ್ದ, ಇನ್ನೊಬ್ಬ ಮುಂದೆ ಮಲಗಿಯೇಬಿಟ್ಟಿದ್ದ. ನನಗೆ ಕಂಡದ್ದು ಬೂಟಿನ ತುದಿ ಮಾತ್ರ, ಮಲಗಿದವನ ಪಕ್ಕೆಯ ಕೆಳಗಿಂದ ಇಣುಕಿದ್ದು. ಚೆಂಡು ಅವಸರವೇನೂ ಇಲ್ಲದವರ ಹಾಗೆ ಉರುಳಿ ಗೆರೆ ದಾಟಿತು. ನಾನು ಕೂಗಿದ ಕೂಗಿಗೆ ಪಕ್ಕದ ಸೀಟಿನಾತ ಕಿವಿ ಮುಚ್ಚಿಕೊಂಡ. ಅಪ್ಪ ಅಳುತ್ತಿದ್ದರು. ಅಂದು ನಮ್ಮ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂಜೆ ಮನೆಗೆ ಬಂದವನು ಸ್ಟೂಲಿನ ಮೇಲೆ ಕಾಲಿಟ್ಟು ಕಾಲುಚೀಲ ಬಿಚ್ಚಿದಾಗ ಹೆಬ್ಬೆರಳಿನ ಉಗುರು ಚೀಲದೊಳಗೇ ಉಳಿಯಿತು. ಅವನು ಅದನ್ನು ಜಾಡಿಸಿ ಕಿಟಕಿಯಿಂದಾಚೆ ಎಸೆದು, "ಏನಿದೆ ತಿನ್ನೋಕೆ?" ಎಂದ. ಅಷ್ಟು ಅಭ್ಯಾಸವಾಗಿತ್ತು.

ನೋವಿಲ್ಲದ ದಿನವೆಂಬುದು ಅವನಿಗಿರಲಿಲ್ಲ. ಬೆಳಗ್ಗೆ ತನ್ನ ಮಹಡಿ ಕೋಣೆಯಿಂದ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುವ ಸಪ್ಪಳ ಕೇಳಿಯೇ ಹಿಂದಿನ ದಿನ ಎಷ್ಟು ಆಡಿದ್ದಾನೆಂದು ನಾನು ಹೇಳಿಬಿಡುತ್ತಿದ್ದೆ. ಬೆರಳ ಮೂಳೆ ಬಿರುಕು ಬಿಟ್ಟಿತು, ಕೂಡಿಕೊಂಡಿತು, ಮತ್ತೆ ಬಿಟ್ಟಿತು. ಪಂದ್ಯಕ್ಕೆ ಮುಂಚೆ ಸೂಜಿ ಚುಚ್ಚಿ ಕಾಲನ್ನು ಮರಗಟ್ಟಿಸಿ ಆಡಿಸುತ್ತಿದ್ದರು. ಕ್ಲಬ್ಬಿನಲ್ಲಿ ಮಾಲೀಸು ಮಾಡುವ ಮುದುಕನೊಬ್ಬನಿದ್ದ, ತಾನೂ ಒಂದು ಕಾಲದ ಆಟಗಾರ. ನೋವೆಂದು ಯಾರು ಹೋದರೂ ಅವನದ್ದು ಒಂದೇ ಮಾತು: "ಆಟ ಬಿಟ್ಟ ಮೇಲೆ ತಾನಾಗೇ ಹೋಗುತ್ತೆ ಮಗಾ. ಒಂದು ದಿನ ಎದ್ದು ನೋಡ್ತೀಯ, ಇರಲ್ಲ." ಆ ಆಟಗಾರರೆಲ್ಲ ಈ ಮಾತನ್ನು ಮನಸಾರೆ ನಂಬಿದ್ದರು. ನಂಬದಿದ್ದರೆ ಆಡುವುದು ಹೇಗೆ? ನನ್ನ ತಮ್ಮ ಅದನ್ನು ಸಂಬಳದ ಜೊತೆ ಬರುವ ಪಿಂಚಣಿಯ ಹಾಗೆ ಕಾಯುತ್ತಿದ್ದ.

ಮದುವೆಯ ಮಾತೆತ್ತಿದರೆ "ಈ ಸೀಸನ್ ಮುಗೀಲಿ" ಎನ್ನುತ್ತಿದ್ದ. ಸೀಸನ್ನುಗಳು ಮುಗಿದವು. ಹೊಸ ಕೋಚ್ ಬಂದ. ಎತ್ತರದ, ತಲೆಯಿಂದ ಹೊಡೆಯುವ ಸ್ಟ್ರೈಕರ್ ಬೇಕೆಂದ. ಇವನು ಬೆಂಚಿಗೆ ಬಿದ್ದ. ಗೆದ್ದ ಪಂದ್ಯದ ಕೊನೆಯಲ್ಲಿ ಕಾಲಹರಣಕ್ಕೆಂದು ಇಳಿಸುವ ಆಟಗಾರನಾದ. ಆಮೇಲೆ ಚಿಕ್ಕ ಕ್ಲಬ್ಬು, ಅದಕ್ಕಿಂತ ಚಿಕ್ಕ ಕ್ಲಬ್ಬು. ಕೊನೆಯದರಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಬಾಗಿಲೇ ಇರಲಿಲ್ಲ, ನಾನು ಹಳೆಯ ಪರದೆಯೊಂದನ್ನು ಹೊಲಿದುಕೊಟ್ಟೆ. ಅಲ್ಲಿಂದಲೂ ಬಿಟ್ಟ ದಿನ ನೇರ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಪ್ಯಾಂಟು ಹಾಕಿ ನೋಡುವ ಪರದೆಯ ಹಿಂದೆ ಹೋಗಿ ನಿಂತುಕೊಂಡ. ಬಹಳ ಹೊತ್ತಾದರೂ ಬರಲಿಲ್ಲ. ಅಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ನಾನು ಯಂತ್ರವನ್ನು ಸುಮ್ಮನೆ ಜೋರಾಗಿ ತುಳಿದೆ, ಅವನ ಸದ್ದು ಹೊರಗೆ ಕೇಳದಿರಲಿ ಎಂದು. ಬಟ್ಟೆ ಇಲ್ಲದ ಯಂತ್ರ, ಸೂಜಿ ಗಾಳಿಯನ್ನೇ ಹೊಲಿಯುತ್ತಿತ್ತು.

ಪಾರ್ಸೆಲ್ ಗೋದಾಮಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬೆಲ್ಟಿನ ಮೇಲೆ ಬರುವ ಪೊಟ್ಟಣಗಳನ್ನು ನೋಡಿ ಬೇರೆ ಬೇರೆ ಗಾಡಿಗಳಿಗೆ ಹಾಕುವುದು. ದಿನವಿಡೀ ಸಿಮೆಂಟು ನೆಲದ ಮೇಲೆ ನಿಲ್ಲಬೇಕು. ಮೊದಮೊದಲು ಜೊತೆಯವರು "ಹೆಬ್ಬೆಟ್ಟು, ಇದನ್ನೊಂದು ಒದ್ದು ಕಳಿಸು" ಎಂದು ತಮಾಷೆ ಮಾಡುತ್ತಿದ್ದರು. ಆಮೇಲೆ ಹೊಸಬರು ಬಂದರು, ಅವರಿಗೆ ಆ ಹೆಸರು ಯಾಕೆ ಬಂತೆಂದೇ ತಿಳಿದಿರಲಿಲ್ಲ. ನೋವು ಮಾತ್ರ ಅವನನ್ನು ಬಿಡಲಿಲ್ಲ. ಆಟ ಬಿಟ್ಟು ವರ್ಷಗಳಾದರೂ ಬೆಳಗ್ಗೆ ಕಂಬಿ ಹಿಡಿದೇ ಇಳಿಯುತ್ತಿದ್ದ. ಮೈ ಬಂತು, ಬಾಯಾರಿಕೆ ಹೆಚ್ಚಾಯಿತು. ನಾನು ಎಳೆದುಕೊಂಡು ಹೋಗಿ ತೋರಿಸಿದೆ. ಸಕ್ಕರೆ ಕಾಯಿಲೆ ಎಂದರು. ಕಾಲು ನೋಡಿಕೊಳ್ಳಿ ಎಂದೂ ಡಾಕ್ಟರು ಹೇಳಿದರು. ಇವನು ಹೊರಗೆ ಬಂದು, "ಇಷ್ಟು ವರ್ಷ ನಾನು ಇನ್ನೇನು ನೋಡ್ಕೊಂಡೆ ಅಂತ ತಿಳ್ಕೊಂಡಿದಾರೆ?" ಎಂದು ನಕ್ಕ. ಮಾತ್ರೆಗಳನ್ನು ನೆನಪಾದಾಗ ನುಂಗಿದ, ಮರೆತಾಗ ಮರೆತ. ನಾನು ಬೈದೆ, ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಗ್ಗೆ ನಾನು ಗುಂಡಿ ಹೊಲಿಯುತ್ತ ಕೂತಿದ್ದೆ. ಮೆಟ್ಟಿಲ ಮೇಲೆ ದಡದಡ ಸದ್ದು. ಯಾವುದೋ ಮಗು ಬೀಳುತ್ತಿದೆ ಎಂದುಕೊಂಡು ಎದ್ದರೆ ತಮ್ಮ! ಕಂಬಿ ಹಿಡಿದಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಬಂದು ನನ್ನ ಮುಂದೆ ನಿಂತು, ಬಲಗಾಲನ್ನು ನೆಲಕ್ಕೆ ಅಪ್ಪಳಿಸಿದ.

"ಹೋಯ್ತು ಅಕ್ಕ!"

"ಏನು ಹೋಯ್ತೋ?"

"ನೋವು! ಒಂದು ವಾರದಿಂದ ನೋಡ್ತಿದೀನಿ, ಹೇಳಿದ್ರೆ ದೃಷ್ಟಿ ಆಗುತ್ತೇನೋ ಅಂತ ಸುಮ್ಮನಿದ್ದೆ. ಇಲ್ಲ ಅಂದ್ರೆ ಇಲ್ಲ. ಮುದುಕ ಹೇಳಿದ್ನಲ್ಲ, ಒಂದು ದಿನ ಎದ್ದು ನೋಡ್ತೀಯ, ಇರಲ್ಲ ಅಂತ!"

ಮತ್ತೆ ಅಪ್ಪಳಿಸಿದ. ಅಷ್ಟು ವರ್ಷಗಳ ಮೇಲೆ ಅವನ ಮುಖ ಹಗುರಾಗಿದ್ದುದನ್ನು ಕಂಡು ನನಗೂ ಕಣ್ಣು ತುಂಬಿತು. ನನ್ನ ಗಂಡ ಟ್ಯಾಂಕರ್ ನಿಲ್ಲಿಸಿ ಬಂದವರು ಅವನ ಭುಜ ಹಿಡಿದು ಕುಣಿದರು. ನಮ್ಮಲ್ಲಿ ಯಾರಿಗಾದರೂ ಅನುಮಾನ ಬಂತೇ? ಯಾಕೆ ಬರಬೇಕು? ನೋವು ಹೋದರೆ ಯಾರಾದರೂ ಡಾಕ್ಟರ ಬಳಿ ಓಡುತ್ತಾರೆಯೇ? ಅದೇ ತಿಂಗಳು ಅವನೊಮ್ಮೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ಬಲಗಾಲಿನದು ಬಸ್ಸಿಳಿಯುವಾಗಲೇ ಕಳಚಿತ್ತಂತೆ, ಮನೆಯ ಹೊಸ್ತಿಲವರೆಗೂ ಅವನಿಗೆ ತಿಳಿದೇ ಇರಲಿಲ್ಲ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ವರ್ಷ ಕ್ಲಬ್ಬಿನವರು ಹಳೆಯ ಆಟಗಾರರನ್ನೆಲ್ಲ ಕರೆದು ಒಂದು ಪಂದ್ಯ ಆಡಿಸಿದರು. ಹಿಂದೆ ಇಂಥ ಕರೆ ಬಂದಾಗೆಲ್ಲ ನೋವೆಂದು ತಪ್ಪಿಸಿಕೊಂಡವನು ಈ ಬಾರಿ ಮದುವೆಗೆ ಹೊರಟವನಂತೆ ಸಿದ್ಧನಾದ. ಅಟ್ಟದಿಂದ ಹಳೆಯ ಬೂಟು ತೆಗೆದ. ಚರ್ಮ ಒಣಗಿ ಕಟ್ಟಿಗೆಯಾಗಿತ್ತು. ಮತ್ತೆ ಬಕೆಟ್ಟು, ಮತ್ತೆ ಬಿಸಿನೀರು. ನೀರಿನಿಂದ ಹಬೆಯೇಳುತ್ತಿತ್ತು, ನನ್ನ ಕೈ ಸುಟ್ಟಿತು. ಅವನು ಹಾಯಾಗಿ ಕಾಲಿಟ್ಟು ಕೂತು ಸಿಳ್ಳೆ ಹಾಕುತ್ತಿದ್ದ.

ಪಂದ್ಯವನ್ನು ನಾನು ನೋಡಿದೆ. ಎಲ್ಲರಿಗೂ ಹೊಟ್ಟೆ ಬಂದಿತ್ತು, ಕಡ್ಡಿಯಂತಿದ್ದ ಎಡಗಡೆಯವನೂ ಉರುಟಾಗಿದ್ದ. ಮಿಕ್ಕವರು ಅಲ್ಲಲ್ಲಿ ನಿಂತು ಸೊಂಟ ಹಿಡಿದುಕೊಂಡರೆ ಇವನೊಬ್ಬ ಇಪ್ಪತ್ತರ ಹುಡುಗನಂತೆ ಓಡಿದ. ನೋವಿನ ಭಯವಿಲ್ಲದೆ ಅವನು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಡಗಡೆಯವನು ಚೆಂಡು ಕೊಟ್ಟ, ಇವನು ತುದಿಯಿಂದ ಚುಚ್ಚಿದ, ಗೋಲು. ಜನ ಎದ್ದು ನಿಂತು ಹಳೆಯ ಹೆಸರು ಕೂಗಿದರು. ಅವನು ಎರಡೂ ಕೈ ಚಾಚಿ ನಮ್ಮತ್ತ ಓಡಿಬಂದ. ನಿಜ ಹೇಳುತ್ತೇನೆ, ಅವನ ಬದುಕಿನ ಅತ್ಯಂತ ಸುಖದ ದಿನ ಅದೇ, ಆ ಫೈನಲ್ ಪಂದ್ಯವಲ್ಲ.

ಮನೆಗೆ ಬಂದು ಬೂಟು ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ಬೂಟಿನ ಅಡಿಯ ಮೊಳೆಯೊಂದು ಒಳಗೆದ್ದು ಪಂದ್ಯ ಪೂರ್ತಿ ಅಂಗಾಲನ್ನು ಕೊರೆದಿತ್ತು. ನಾನು ಚೀರಿದೆ.

"ಕೂಗಬೇಡ ಅಕ್ಕ, ನೋಯ್ತಾನೇ ಇಲ್ಲ" ಎಂದ. ಗಾಯದೊಳಕ್ಕೆ ಬೆರಳಿಟ್ಟು ಒತ್ತಿ ತೋರಿಸಿದ. "ನೋಡು, ಇಲ್ಲಿ ಒತ್ತಿದ್ರೂ ಇಲ್ಲ. ಇದೆಂಥಾ ಗಾಯ!"

ತೊಳೆದು ಪಟ್ಟಿ ಕಟ್ಟಿದೆ. ಮಾರನೆಯ ದಿನ ಡಾಕ್ಟರ ಬಳಿ ನಡಿ ಎಂದೆ. ಅದರ ಮಾರನೆಯ ದಿನವೂ ಎಂದೆ. ಜೀವನವಿಡೀ ಉಗುರು ಕಿತ್ತುಬಂದ ಕಾಲಲ್ಲಿ ಆಡಿದವನಿಗೆ, ನೋಯದ ಗಾಯಕ್ಕೆ ಡಾಕ್ಟರೆಂದರೆ ನಗೆಪಾಟಲು. ತಾನೇ ಪಟ್ಟಿ ಬದಲಿಸಿಕೊಳ್ಳುತ್ತೇನೆಂದು ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ. ಕೆಲಸಕ್ಕೆ ಹೋದ, ಸಿಮೆಂಟಿನ ಮೇಲೆ ನಿಂತ. ಅವನ ಕೋಣೆಯಿಂದ ಏನೋ ವಾಸನೆ ಎಂದು ಮೊದಲು ಹೇಳಿದವರು ನನ್ನ ಗಂಡ. ನಾನು ಇಲಿ ಸತ್ತಿರಬೇಕೆಂದು ಮಂಚದ ಕೆಳಗೆಲ್ಲ ಗುಡಿಸಿದೆ. ಅದಾಗಿ ಕೆಲವೇ ದಿನಕ್ಕೆ ಅವನು ಜ್ವರದಿಂದ ಮೇಲೇಳಲಿಲ್ಲ. ಹೊದಿಕೆ ಸರಿಸಿ ಪಟ್ಟಿ ಬಿಚ್ಚಿದೆ. ಬೆರಳುಗಳು ಇದ್ದಿಲಿನಂತಾಗಿದ್ದವು. ಕಪ್ಪು ಹಿಮ್ಮಡಿಯವರೆಗೆ ಏರಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಮೈಮೇಲೆ ಪೂರ್ತಿ ಅರಿವಿರಲಿಲ್ಲ. ಗಾಲಿಮಂಚದ ಮೇಲೆ ನನ್ನ ಸೆರಗು ಹಿಡಿದು, "ಕಾಲು ಮುಟ್ಟೋಕೆ ಬಿಡಬೇಡ ಅಕ್ಕ. ಚೆನ್ನಾಗಿದೆ. ನೋವೇ ಇಲ್ಲ" ಎಂದು ಬಡಬಡಿಸುತ್ತಿದ್ದ. ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಇದು ಇವತ್ತಿನದಲ್ಲಮ್ಮ. ಸಕ್ಕರೆಯಿಂದ ನರಗಳು ಆಗಲೇ ಸತ್ತುಹೋಗಿವೆ. ಅದಕ್ಕೇ ನೋವು ಗೊತ್ತಾಗಿಲ್ಲ. ಮೊಣಕಾಲ ಕೆಳಗೆ ತೆಗೀಬೇಕು."

"ಕಾಲು ಉಳಿಸೋಕಾಗಲ್ವಾ?"

"ಕಾಲು ಹೋಗಿಯಾಗಿದೆ. ಈಗ ಉಳಿಸಬೇಕಾಗಿರೋದು ಅವರನ್ನ. ನೀವು ಬೇಗ ಹ್ಞೂಂ ಅಂದಷ್ಟು ಒಳ್ಳೇದು."

ಅಂದರೆ ಆ ಬೆಳಗ್ಗೆ ನಾವು ಕುಣಿದದ್ದು ಕಾಲು ಸತ್ತದ್ದಕ್ಕೆ. ಒಪ್ಪಿಗೆ ಹೇಳಬೇಕಾದವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪ ಆಗಲೇ ಹೋಗಿದ್ದರು, ಅವನಿಗೆ ಮದುವೆಯೇ ಆಗಿರಲಿಲ್ಲ. ನಾನು ಹ್ಞೂಂ ಅಂದೆ.

ಎಚ್ಚರವಾದಾಗ ಅವನು ಮೊದಲು ಕೂಗಿದ್ದು ನೋವಿನಿಂದ. "ಹೆಬ್ಬೆರಳು! ಅಕ್ಕ, ಹೆಬ್ಬೆರಳು ಸಿಡೀತಿದೆ!" ಅಷ್ಟು ಕಾಲ ಇಲ್ಲದ ನೋವು, ಬೂಟು ಹಾಕಿಕೊಂಡಂಥದ್ದೇ ಹಳೆಯ ನೋವು, ಇಲ್ಲದ ಬೆರಳಿನಲ್ಲಿ ಬಂದಿತ್ತು. ಹೀಗಾಗುವುದುಂಟು, ತೆಗೆದ ಅಂಗ ಇದೆಯೆಂದೇ ತಲೆ ಕೆಲವು ಕಾಲ ತಿಳಿದಿರುತ್ತದೆ ಎಂದು ಡಾಕ್ಟರು ವಿವರಿಸಿದರು. ನಾನದನ್ನು ಅವನಿಗೆ ಹೇಳಿದೆ. ಅವನು ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನೇ ನೋಡುತ್ತಿದ್ದ.

"ಸತ್ತ ಕಾಲು ನೋಯುತ್ತಾ ಅಕ್ಕ?"

"ಅದು ತಲೆಯೊಳಗಿನ ನೋವಂತೆ ಕಣೋ."

"ನೋಯ್ತಿದೆ ಅಂದ್ರೆ ಜೀವ ಇತ್ತು ಅಂತ. ಜೀವ ಇರೋ ಕಾಲು ಕತ್ತರಿಸಿದಾರೆ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಸಿಟ್ಟು ಬಂದುಬಿಟ್ಟಿತು. "ಕಪ್ಪಾಗಿತ್ತು ಕಣೋ! ನಾನೇ ಕಣ್ಣಾರೆ ನೋಡಿದೀನಿ. ನೋವು ಹೋಯ್ತು ಅಂತ ನೀನು ಕುಣಿದಾಗಲೇ ಅದು ಸತ್ತಿತ್ತು. ಸತ್ತ ಕಾಲಲ್ಲಿ ಓಡಿದೀಯ ನೀನು" ಎಂದೆ.

ಅವನು ನನ್ನ ಮುಖವನ್ನು ನೋಡಿದ. ಎಳೆಯ ಮಗುವಾಗಿದ್ದಾಗ ಅಮ್ಮ ಎಲ್ಲಿ ಎಂದು ಕೇಳುತ್ತಿದ್ದಾಗಿನ ಮುಖ ಅದು. "ಹಾಗಾದ್ರೆ ನಾನೇ ಕೊಂದೆ ಅದನ್ನ" ಎಂದ. ಗೋಡೆಯ ಕಡೆ ತಿರುಗಿದ.

ತಿರುಗಿದವನು ಈ ಕಡೆ ಹೊರಳಲಿಲ್ಲ. ಊಟ ಮುಟ್ಟಲಿಲ್ಲ, ಮಾತ್ರೆ ಉಗುಳಿದ, ವ್ಯಾಯಾಮ ಮಾಡಿಸಲು ಬಂದವರಿಗೆ ಹೆಣದ ಹಾಗೆ ಮೈ ಬಿಟ್ಟುಕೊಟ್ಟ. ಗೋಡೆಯ ಬಣ್ಣ ಎದ್ದುಹೋದ ಜಾಗವನ್ನು ಉಗುರಿನಿಂದ ಕೆರೆಯುತ್ತ ಮಲಗಿರುತ್ತಿದ್ದ. ನಾನು ಬೇಡಿಕೊಂಡೆ, ಬೈದೆ, ಅವನ ಬೆನ್ನಿಗೆ ತಲೆಯಿಟ್ಟು ಅತ್ತೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಗಂಡ, "ಇವನು ಬದುಕೋ ಹಾಗೆ ಕಾಣಲ್ಲ. ಮನಸ್ಸು ಬಿಟ್ಟುಬಿಟ್ಟಿದಾನೆ" ಎಂದು ತಲೆ ತಗ್ಗಿಸಿದರು.

ನಾನು ಎದ್ದು ಒಳಗೆ ಹೋದೆ. ಅವನ ಬೆನ್ನಿಗೆ ಹೇಳಿದೆ: "ಕೇಳು. ಅವತ್ತು ನಾನು ಸುಳ್ಳು ಹೇಳಿದೆ. ಇನ್ನೆರಡು ದಿನ ಕಾದು ನೋಡೋಣ, ಕಾಲು ಉಳೀಬಹುದು ಅಂದಿದ್ರು ಡಾಕ್ಟರು. ನನಗೇ ಧೈರ್ಯ ಸಾಲಲಿಲ್ಲ. ಹೆದರಿ ಹ್ಞೂಂ ಅಂದುಬಿಟ್ಟೆ."

ಅವನು ಈ ಕಡೆ ಹೊರಳಿದ. ಅವನ ಕಣ್ಣಿನಲ್ಲಿ ಎಷ್ಟೋ ದಿನಗಳ ಮೇಲೆ ಜೀವ ಕಂಡೆ. "ಪಾಪಿ" ಎಂದ. "ನಿನ್ನ ಕೈಲಿ ಕೊಟ್ಟಿದ್ದೇ ತಪ್ಪಾಯ್ತು." ಇನ್ನೂ ಏನೇನೋ ಅಂದ, ಇಲ್ಲಿ ಬರೆಯುವಂಥದ್ದಲ್ಲ. ಅಂದು ಮಧ್ಯಾಹ್ನ ಅವನು ನನ್ನನ್ನು ಹೊರಗೆ ಕಳಿಸಿ, ನರ್ಸಿನ ಕೈಯಿಂದ ಬ್ರೆಡ್ಡು ತೆಗೆದುಕೊಂಡು ತಿಂದನಂತೆ.

ಕಾಲಿಲ್ಲದೆ ಅವನು ಮತ್ತೂ ಕೆಲವು ವರ್ಷ ಬದುಕಿದ. ಕೃತಕ ಕಾಲು ಹಾಕಿಕೊಂಡು ಗೋದಾಮಿನಲ್ಲಿ ಪಾರ್ಸೆಲ್ ಕೊಡುವ ಕಿಟಕಿಯ ಕೆಲಸಕ್ಕೆ ಕೂತ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಿಟಕಿಗೆ ಬಂದವರಲ್ಲಿ, ಎಲ್ಲರಲ್ಲೂ ಹೇಳಿಕೊಂಡ: "ಕಾಲು ಚೆನ್ನಾಗಿತ್ತು. ನಮ್ಮಕ್ಕ ಆತುರಪಟ್ಟಳು." ಬಟ್ಟೆ ಕೊಡಲು ಬಂದ ಹೆಂಗಸರು ನನ್ನ ಕತ್ತರಿಯ ಕಡೆ ಒಂಥರಾ ನೋಡುತ್ತಿದ್ದರು. ಒಂದು ಮಾತಿಗೆ ಹತ್ತು ಮಾತು ಆಡುವವಳು ನಾನು, ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಗಂಡನಿಗೆ ಸಹಿಸಲಾಗುತ್ತಿರಲಿಲ್ಲ. "ಒಂದು ದಿನ ನಾನೇ ಹೇಳಿಬಿಡ್ತೀನಿ" ಎನ್ನುತ್ತಿದ್ದರು. "ಹೇಳಿದ ದಿನ ನಿಮಗೆ ಈ ಮನೇಲಿ ಊಟ ಇಲ್ಲ" ಎಂದೆ. ಅವರು ಹೇಳಲಿಲ್ಲ.

ಅವನ ಮೂತ್ರಪಿಂಡಗಳೂ ಕೈಕೊಟ್ಟ ಮೇಲೆ, ಕೊನೆಯ ದಿನಗಳಲ್ಲಿ, ಎಡಗಡೆಯವನು ನೋಡಲು ಬಂದ. ಮಂಚದ ಪಕ್ಕ ಕೂತು ಹಳೆಯ ಪಂದ್ಯಗಳ ಮಾತು ತೆಗೆದ. ತಮ್ಮನ ಮುಖ ಅರಳಿತು.

"ಹಳಬರ ಪಂದ್ಯ ನೆನಪಿದೆಯಾ? ನೀನೇ ಕೊಟ್ಟಿದ್ಯಲ್ಲೋ ಚೆಂಡು. ಹೇಗೆ ಓಡಿದೆ ಹೇಳು ನಾನು! ಅಂಥ ಕಾಲು ಕಣೋ. ಇವಳು ಎರಡು ದಿನ ತಡೆದಿದ್ರೆ ಇರ್ತಿತ್ತು."

ಎಡಗಡೆಯವನು ನನ್ನತ್ತ ತಿರುಗಿದ. ಆ ನೋಟ ನನಗೆ ಹೊಸದೇನಲ್ಲ.

"ಅವಳನ್ನ ಹಾಗೆ ನೋಡ್ಬೇಡ" ಎಂದ ನನ್ನ ತಮ್ಮ. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡ. ಅವನ ಬೆರಳುಗಳು ತಣ್ಣಗಿದ್ದವು. "ಅಮ್ಮ ಹೋದಮೇಲೆ ನನ್ನ ಸಾಕಿದವಳು. ಹೆದರಿದ್ಲು, ತಪ್ಪು ಮಾಡಿದ್ಲು. ನಾನು ಅದನ್ನ ಹೊಟ್ಟೆಗೆ ಹಾಕ್ಕೊಂಡಿದೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನಿನ್ನನ್ನ ಕ್ಷಮಿಸಿದೀನಿ. ಇನ್ಮೇಲೆ ಮನಸ್ಸಿಗೆ ಹಚ್ಕೋಬೇಡ" ಎಂದ.

ಬಾಗಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದ ನನ್ನ ಗಂಡ ಬಾಯಿ ತೆರೆದರು. ನಾನು ಅವರನ್ನು ನೋಡಿ ಬೇಡವೆಂದು ತಲೆಯಾಡಿಸಿದೆ. ಅವರು ಲೋಟಗಳನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು.

"ಆಯ್ತು ಕಣೋ" ಎಂದೆ. "ದೊಡ್ಡ ಮನಸ್ಸು ಮಾಡಿದೆ."